ಏಕಾಂತಯ್ಯನವರ ಆಪತ್ಕಾಲೀನ ವಿಧಾನಾವಳಿ

ಯಾವ ಕಚೇರಿಯೇ ಆಗಲಿ, ಯಾರಿಗೂ ಬೇಡವಾದ ಫೈಲು ಸುತ್ತಿ ಸುತ್ತಿ ಕೊನೆಗೆ ಹೋಗಿ ಕೂರುವ ಒಂದು ಮೇಜು ಇದ್ದೇ ಇರುತ್ತದೆ. ಬನಶಂಕರಿ ಎರಡನೇ ಹಂತ ಮುಗಿದು ಹೊಸಕೆರೆಹಳ್ಳಿಯ ಕಡೆಗೆ ನೆಲ ಇಳಿಯುವ ದಿಣ್ಣೆಯ ಮೇಲಿದ್ದ ಆ ವಿಶ್ವವಿದ್ಯಾಲಯದ ಆವರಣದಲ್ಲಿ (ಹೆಸರು ಬೇಡ, ಅಲ್ಲಿಂದ ಪಿಂಚಣಿ ತೆಗೆದುಕೊಳ್ಳುವವರು ಇನ್ನೂ ಇದ್ದಾರೆ) ಆ ಮೇಜು ಸೂಪರಿಂಟೆಂಡೆಂಟ್ ಏಕಾಂತಯ್ಯನವರದಾಗಿತ್ತು. ಹನ್ನೊಂದು ವರ್ಷದಿಂದ ಅವರು ಅದೇ ಮೇಜಿನ ಹಿಂದೆ, ಅದೇ ಬೆತ್ತದ ಕುರ್ಚಿಯಲ್ಲಿ ಕೂತು ಸಹಾಯಕ ಕುಲಸಚಿವರಾಗುವ ದಿನವನ್ನು ಕಾಯುತ್ತಿದ್ದರು. ಕುರ್ಚಿಯ ಬೆತ್ತವನ್ನು ಮೂರು ಸಲ ಹೊಸದಾಗಿ ಹೆಣೆಸಿದ್ದಾಯಿತು, ಬಡ್ತಿ ಮಾತ್ರ ಬರಲಿಲ್ಲ.

ಎಂಬತ್ತೆರಡನೇ ಇಸವಿ, ದಸರಾ ರಜೆ ಮುಗಿದು ಕಚೇರಿ ಆಕಳಿಸುತ್ತ ಕಣ್ಣು ಬಿಟ್ಟಿತ್ತು. ಎಲ್ಲೋ ಯಾವುದೋ ಕಾಲೇಜಿನ ಪ್ರಯೋಗಶಾಲೆಗೆ ಬೆಂಕಿ ತಗಲಿತಂತೆ. ಅದಕ್ಕೆ ಸರ್ಕಾರ ಎಲ್ಲ ವಿಶ್ವವಿದ್ಯಾಲಯಗಳಿಗೂ ಒಂದು ಸುತ್ತೋಲೆ ಕಳಿಸಿತು. ಪ್ರತಿ ಆವರಣದಲ್ಲೂ ಆಪತ್ತಿನ ಕಾಲದಲ್ಲಿ ಏನು ಮಾಡಬೇಕೆಂಬ ವಿಧಾನಾವಳಿ ಬರೆಯಬೇಕು, ಅದರ ಪ್ರಕಾರ ಎಲ್ಲರನ್ನೂ ಕಟ್ಟಡದಿಂದ ಹೊರಗೆ ಕಳಿಸುವ ತಾಲೀಮು ನಡೆಸಬೇಕು, ಅದನ್ನು ನೋಡಲು ಒಂದು ಸಮಿತಿ ಬರುತ್ತದೆ. ಸುತ್ತೋಲೆ ಏಳು ಮೇಜು ಸುತ್ತಿತು. ಏಳನೆಯದು ಏಕಾಂತಯ್ಯನವರದು.

ಕುಲಸಚಿವರಾದ ಕೊಟ್ರಪ್ಪನವರು, ಅಂದರೆ ಇಡೀ ಆಡಳಿತಕ್ಕೆ ಯಜಮಾನರು, ಇವರನ್ನು ಒಳಗೆ ಕರೆದು ಬಾಗಿಲು ಮುಚ್ಚಿಸಿದರು.

"ನೋಡಿ ಏಕಾಂತಯ್ಯ, ಸಮಿತಿಯವ್ರು ತಾಲೀಮು ನೋಡಿ 'ತೃಪ್ತಿಕರ' ಅಂತ ಬರೆದು ಸಹಿ ಹಾಕಿಬಿಟ್ರೆ, ಅದೇ ಕಾಗದದ ಕೆಳಗೆ ನಿಮ್ಮ ಪ್ರಮೋಷನ್ನಿಗೆ ನಾನು ಶಿಫಾರಸು ಬರೀತೀನಿ."

"ಅದೇ ಕಾಗದದಲ್ಲೇ ಸಾರ್?"

"ಅದೇ ಕಾಗದ. ಜಾಗ ಬಿಟ್ಟು ಸಹಿ ಹಾಕಿ ಅಂತ ಹೇಳ್ತೀನಿ."

ಏಕಾಂತಯ್ಯನವರು ಅಂದು ಕ್ವಾರ್ಟರ್ಸಿಗೆ ನಡೆದು ಬರಲಿಲ್ಲ, ತೇಲಿ ಬಂದರು. ಕ್ವಾರ್ಟರ್ಸ್ ಅದೇ ಆವರಣದಲ್ಲಿ, ಮೈದಾನದಾಚೆಗೆ. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಒಂದು ಬಚ್ಚಲು, ಅದರ ಹಿಂದೆ ಕಾಂಪೌಂಡು ಗೋಡೆ. ಒಳಗೆ ಹೆಂಡತಿ ಜಯದೇವಿ. (ಕ್ವಾರ್ಟರ್ಸು ವಿಶ್ವವಿದ್ಯಾಲಯದ್ದಾದರೂ ಒಳಗಿನ ಆಡಳಿತದಲ್ಲಿ ವಿಶ್ವವಿದ್ಯಾಲಯ ತಲೆ ಹಾಕುತ್ತಿರಲಿಲ್ಲ. ಏಕಾಂತಯ್ಯನವರೂ ಹಾಕುತ್ತಿರಲಿಲ್ಲ.)

ಒಂದೇ ವಾರ ಕೂತು ಅವರು ನಲವತ್ತೆರಡು ಪುಟದ 'ಆಪತ್ಕಾಲೀನ ಸಿದ್ಧತೆ ಹಾಗೂ ಪ್ರತಿಕ್ರಿಯಾ ವಿಧಾನಾವಳಿ' ಬರೆದರು. ಅಷ್ಟು ಸಾಂಗವಾದ ಗ್ರಂಥವನ್ನು ಬೆಂಕಿ ಎಂದೂ ಕಂಡಿರಲಾರದು. ಬೆಂಕಿಯನ್ನು ಮೊದಲು ಕಂಡವನು ತನ್ನ ವಿಭಾಗದ ಮುಖ್ಯಸ್ಥರಿಗೆ ಲಿಖಿತವಾಗಿ, ಮೂರು ಪ್ರತಿಗಳಲ್ಲಿ ತಿಳಿಸತಕ್ಕದ್ದು. ಮುಖ್ಯಸ್ಥರು ತಮ್ಮ ಅಭಿಪ್ರಾಯದೊಂದಿಗೆ ಅದನ್ನು ಮೇಲಕ್ಕೆ ಕಳಿಸತಕ್ಕದ್ದು. ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಕಳುವಾಗದಂತೆ ಉಗ್ರಾಣದಲ್ಲಿ ಬೀಗ ಹಾಕಿ ಇಡತಕ್ಕದ್ದು, ಉಗ್ರಾಣದ ಗುಮಾಸ್ತರು ರಜೆಯಲ್ಲಿದ್ದರೆ ಅವರು ಮರಳುವವರೆಗೆ ಬೆಂಕಿಯ ಮೇಲೆ ನಿಗಾ ಇಡತಕ್ಕದ್ದು. ಮರಳಿನ ಬಕೆಟ್ಟುಗಳನ್ನು ಎಣಿಸಲು ಹೋದಾಗ ಹನ್ನೆರಡರಲ್ಲಿ ಐದು ಸಿಕ್ಕವು. ನಾಲ್ಕರಲ್ಲಿ ಎಲೆಯಡಿಕೆ ಉಗುಳು. ಐದನೆಯದರಲ್ಲಿ ಟೈಪಿಸ್ಟ್ ವಾರಿಜಾ ಕೊತ್ತಂಬರಿ ಬೆಳೆದಿದ್ದಳು. "ಎರಡು ವಾರ ತಡೀರಿ ಸಾರ್, ಈಗ ತಾನೇ ಚಿಗುರಿದೆ" ಎಂದಳು. ಏಕಾಂತಯ್ಯನವರು ದಯಾವಂತರು, ಆ ಬಕೆಟ್ಟನ್ನು 'ಹಸಿರು ಸಂಗ್ರಹ' ಎಂದು ಪಟ್ಟಿಗೆ ಸೇರಿಸಿದರು.

ಮೊದಲ ಪ್ರಯೋಗ ಮನೆಯಲ್ಲೇ ಆಗಲಿ ಎಂದು ಒಂದು ಭಾನುವಾರ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೀಟಿ ಊದಿದರು.

"ಬೆಂಕಿ! ಬೆಂಕಿ! ಶಾಂತವಾಗಿ ಹೊರಗೆ ನಡಿ!"

ಜಯದೇವಿ ರೊಟ್ಟಿ ತಟ್ಟುತ್ತಿದ್ದವಳು ತಲೆ ಎತ್ತಲಿಲ್ಲ. "ಒಲೆ ಮೇಲೆ ಬೆಂಕಿ ಇಲ್ದೆ ಇನ್ನೇನಿರುತ್ತೆ?"

"ಇದು ತಾಲೀಮು ಕಣೇ. ಬೆಂಕಿ ಬಿದ್ದಿದೆ ಅಂತ ತಿಳ್ಕೋಬೇಕು. ಕೈಲಿರೋದನ್ನ ಅಲ್ಲೇ ಬಿಟ್ಟು ನಡೀಬೇಕು."

"ಕೈಲಿರೋದನ್ನ ಅಲ್ಲೇ ಬಿಟ್ರೆ ರೊಟ್ಟಿ ಸೀದು ನಿಜವಾಗ್ಲೂ ಬೆಂಕಿ ಬೀಳುತ್ತೆ. ಸುಮ್ನೆ ಆಚೆ ಹೋಗ್ರಿ, ಹೊಗೆಗೆ ಅಡ್ಡ ನಿಂತಿದೀರಾ."

ಏಕಾಂತಯ್ಯನವರು ಆಚೆ ಹೋದರು. ಹೀಗೆ ಮನೆಯ ತಾಲೀಮಿನಲ್ಲಿ ನೂರಕ್ಕೆ ಐವತ್ತರಷ್ಟು ಜನ ಹೊರಗೆ ಬಂದಂತಾಯಿತೆಂದು ಟಿಪ್ಪಣಿ ಬರೆದುಕೊಂಡರು.

ಕಚೇರಿಯ ತಾಲೀಮಿಗೆ ಸೋಮವಾರ ಹನ್ನೊಂದೂವರೆ ಮುಹೂರ್ತ. ಪೋರ್ಟಿಕೋದಲ್ಲಿ ತೂಗುಹಾಕಿದ್ದ ರೈಲು ಕಂಬಿಯ ತುಂಡನ್ನು ಜವಾನ ಮುನಿಯಣ್ಣ ಬಾರಿಸುವುದು, ಆ ಗಂಟೆ ಕೇಳಿದ ಕೂಡಲೇ ಎಲ್ಲರೂ ಹೊರಗೆ ಬರುವುದು, ಇಷ್ಟೇ. ಮುನಿಯಣ್ಣ ಇಪ್ಪತ್ತೆಂಟು ವರ್ಷ ಸರ್ವೀಸಾದ ಮನುಷ್ಯ. ಅವನು ಬಾರಿಸಿದರೆ ಹೊಸಕೆರೆಹಳ್ಳಿಯ ಎಮ್ಮೆಗಳೂ ಕತ್ತೆತ್ತಿ ನೋಡುತ್ತಿದ್ದವು.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಕಚೇರಿಯಲ್ಲಿ ಗಂಟೆಗೆ ಒಂದೇ ಅರ್ಥ, ಹಾಜರಿ ಪುಸ್ತಕ. ಗಂಟೆಯಾದ ಮೇಲೆ ಹತ್ತು ನಿಮಿಷ ಪುಸ್ತಕ ಮೇಜಿನ ಮೇಲಿರುತ್ತದೆ, ಅಷ್ಟರಲ್ಲಿ ಸಹಿ ಬೀಳದಿದ್ದರೆ ಹೆಸರಿನ ಮುಂದೆ ಕೆಂಪು ಗೆರೆ. ಮೂರು ಕೆಂಪು ಗೆರೆಗೆ ಒಂದು ದಿನದ ರಜೆ ಹೋಯಿತು. ಬೆಳಿಗ್ಗೆ ಸಹಿ ಹಾಕಿ ಮರದಡಿ ಹರಟೆಗೆ, ಕ್ಯಾಂಟೀನಿಗೆ, ಕೆಲವರು ಜಯನಗರ ನಾಲ್ಕನೇ ಬ್ಲಾಕಿನವರೆಗೂ ಹೋಗಿ ತರಕಾರಿ ತಂದುಬಿಡುತ್ತಾರೆಂದು ಕೊಟ್ರಪ್ಪನವರು ಹೊತ್ತಲ್ಲದ ಹೊತ್ತಿನಲ್ಲೂ ಗಂಟೆ ಬಾರಿಸಿ ಪುಸ್ತಕ ಇಡಿಸುವ ಪದ್ಧತಿ ತಂದಿದ್ದರು.

ಹನ್ನೊಂದೂವರೆಗೆ ಮುನಿಯಣ್ಣ ಬಾರಿಸಿದ. ಕಟ್ಟಡದೊಳಗೆ ಆಗ ಇದ್ದವರು ಒಂಬತ್ತು ಜನ. ಮಿಕ್ಕವರೆಲ್ಲ ಹೊರಗೇ ಇದ್ದರು. ಗಂಟೆ ಕೇಳಿದ್ದೇ ತಡ, ಮರದಡಿಯವರು, ಕ್ಯಾಂಟೀನಿನವರು, ಗೇಟಿನ ಹತ್ತಿರ ಕಡಲೆಕಾಯಿ ಸುಲಿಯುತ್ತಿದ್ದವರು ಎಲ್ಲರೂ ಪಂಚೆ, ಸೀರೆ ಎತ್ತಿ ಹಿಡಿದು ಒಳಗೆ ನುಗ್ಗಿದರು. ಎರಡು ನಿಮಿಷದಲ್ಲಿ ಮುನ್ನೂರು ಜನ ಕಟ್ಟಡದೊಳಗೆ! ನಿಜವಾಗಿ ಬೆಂಕಿ ಬಿದ್ದಿದ್ದರೆ ಮುನ್ನೂರು ಜನವೂ ಬೂದಿಯಾಗುತ್ತಿದ್ದರು, ಆದರೆ ಒಬ್ಬರಿಗೂ ಕೆಂಪು ಗೆರೆ ಬೀಳುತ್ತಿರಲಿಲ್ಲ.

ಮಂಗಳವಾರ ಸೀಟಿ ಊದಿದರು. ಯಾರೂ ಅಲುಗಲಿಲ್ಲ. ಬುಧವಾರ ಮುನಿಯಣ್ಣನಿಂದ "ಬೆಂಕಿ! ಬೆಂಕಿ!" ಎಂದು ಕೂಗಿಸಿದರು. ಇದು ಫಲ ಕೊಟ್ಟಿತು, ಆದರೆ ತಿರುಗಾಮುರುಗಾ. ಎಲ್ಲರೂ "ಎಲ್ಲಿ? ಎಲ್ಲಿ?" ಎಂದು ಬೆಂಕಿ ನೋಡುವುದಕ್ಕೆ ಮಹಡಿ ಹತ್ತಿದರು. ಕ್ಯಾಂಟೀನಿನ ಭಟ್ಟರು ಸೌಟು ಹಿಡಿದುಕೊಂಡೇ ಬಂದು, ಮೂರನೇ ಮಹಡಿಯವರೆಗೂ ಹುಡುಕಿ, ಬೆಂಕಿ ಸಿಗದೆ ಬೇಸರಪಟ್ಟುಕೊಂಡು ಹೋದರು. ಸಮಿತಿ ಬರುವುದು ಶುಕ್ರವಾರ.

ಬುಧವಾರ ಸಂಜೆ ಏಕಾಂತಯ್ಯನವರು ತಟ್ಟೆಯ ಮುಂದೆ ಕೂತರೂ ಊಟ ಸೇರಲಿಲ್ಲ. ಹನ್ನೊಂದು ವರ್ಷದ ಆಸೆ ಕಣ್ಣ ಮುಂದೆಯೇ ಕರಗುತ್ತಿತ್ತು, ಅವರಿಗೆ ನಿಜಕ್ಕೂ ಸಂಕಟವಾಗಿತ್ತು.

"ಜನಕ್ಕೆ ಜೀವದ ಮೇಲೇ ಆಸೆ ಇಲ್ವಲ್ಲೇ" ಎಂದರು.

ಜಯದೇವಿ ಸಾರು ಬಡಿಸುತ್ತ ಸಿಡುಕಿದಳು. "ನಿಮ್ಮ ಗಂಟೆ, ಸೀಟಿ ಯಾರಿಗೆ ಬೇಕಾಗಿದೆ? ಯುಗಾದಿ ಆದ್ಮೇಲೆ ನಿಮ್ಮ ಸೊಸೈಟಿಗೆ ಒಂದು ಹನಿ ಪಾಮೋಲಿನ್ ಬಂದಿಲ್ಲ. ದೀಪಾವಳಿ ಹತ್ರ ಬಂತು. ಪಾಮೋಲಿನ್ ಬಂತು ಅಂತ ಒಂದು ಸಲ ಕೂಗ್ಸಿ, ಯಾರು ಒಳಗಿರ್ತಾರೆ ನೋಡೋಣ!"

ಸೊಸೈಟಿ ಎಂದರೆ ಮೈದಾನದ ಅಂಚಿನಲ್ಲಿದ್ದ ನೌಕರರ ಸಹಕಾರ ಸಂಘದ ಅಂಗಡಿ. ಸಕ್ಕರೆ, ಪಾಮೋಲಿನ್ ಎಣ್ಣೆ ಅಗ್ಗದಲ್ಲಿ ಬರುತ್ತಿದ್ದದ್ದು ಅಲ್ಲಿಗೇ. ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿರುತ್ತಿರಲಿಲ್ಲ, ಬಂದ ಒಂದು ಗಂಟೆಗೆ ಮುಗಿದೂ ಹೋಗುತ್ತಿತ್ತು. ಅದಕ್ಕೇ ಆ ಕಚೇರಿಯ ಪ್ರತಿ ಮೇಜಿನ ಕೆಳಗೂ ಒಂದು ಖಾಲಿ ಡಬ್ಬ ಸದಾ ಸಿದ್ಧವಾಗಿರುತ್ತಿತ್ತು. ನೋಡಿ, ಸಿದ್ಧತೆ ಎಂಬುದು ಆ ಆವರಣದಲ್ಲಿ ಮೊದಲಿಂದಲೂ ಇತ್ತು, ಬೆಂಕಿಗೆ ಮಾತ್ರ ಇರಲಿಲ್ಲ.

ಏಕಾಂತಯ್ಯನವರ ಕೈಯ ತುತ್ತು ಅಲ್ಲೇ ನಿಂತಿತು. ಮುಖ ಬೆಳಗಿತು. ಆದರೆ ಹೆಂಡತಿಯ ಮಾತಿನಿಂದ ತಮಗೆ ಉಪಾಯ ಹೊಳೆಯಿತೆಂದು ಅವಳಿಗೆ ಹೇಳುವುದುಂಟೆ? ಗಂಡಸಿನ ಮರ್ಯಾದೆಯ ಪ್ರಶ್ನೆ! "ಅಡುಗೆಮನೆ ಮಾತನ್ನ ಆಫೀಸಿಗೆ ತರಬೇಡ" ಎಂದು ಗದರಿ, ಎರಡನೇ ಸಲ ಅನ್ನ ಹಾಕಿಸಿಕೊಂಡರು. ಆ ಒಂದು ಬಿಗುಮಾನವೇ ಮುಂದಿನ ಎಲ್ಲಕ್ಕೂ ಮೂಲ.

ಶುಕ್ರವಾರ ಹನ್ನೊಂದಕ್ಕೆ ಸಮಿತಿಯ ಜೀಪು ಬಂತು. ಸಮಿತಿ ಅಂದರೆ ಅಧ್ಯಕ್ಷರಾದ ವೆಂಕಟಸ್ವಾಮಿಯವರು, ಅವರ ಸ್ಟಾಪ್‌ವಾಚು, ಅವರ ಡ್ರೈವರು. ಅಧ್ಯಕ್ಷರದು ದೊಡ್ಡ ಮೀಸೆ, ಸಣ್ಣ ನಗು. ಅವರನ್ನು ಕೊಟ್ರಪ್ಪನವರು ಮೈದಾನದ ನಡುವಿನ ಧ್ವಜದ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿ ಕೂರಿಸಿದರು. ಕಟ್ಟಡ ಅಲ್ಲಿಂದ ದೂರ, ಒಳಗೆ ಏನು ಕೂಗಿದರೂ ಕೇಳುತ್ತಿರಲಿಲ್ಲ. ಆ ಜಾಗವನ್ನು ಆರಿಸಿದ್ದೇ ಏಕಾಂತಯ್ಯನವರು. ಸಮಿತಿಯ ಭಯಕ್ಕೆ ಅಂದು ಎಲ್ಲರೂ ಅಪರೂಪಕ್ಕೆ ಕಟ್ಟಡದೊಳಗೇ ಇದ್ದರು.

ಏಕಾಂತಯ್ಯನವರು ಬಿಳಿ ಕರವಸ್ತ್ರ ಬೀಸಿದರು. ಒಳಗೆ ಮುನಿಯಣ್ಣ ಕಾರಿಡಾರಿನ ಉದ್ದಕ್ಕೂ ಓಡುತ್ತ ಕೂಗಿದ.

"ಸೊಸೈಟಿಗೆ ಪಾಮೋಲಿನ್ ಬಂತೂ! ಪಾಮೋಲಿನ್ ಬಂತೂ!"

ಅಬ್ಬಾ! ಬಾಗಿಲುಗಳು ಸಾಲದೆ ಕೆಲವರು ಕಿಟಕಿಯಿಂದಲೂ ಇಳಿದರು. ಮೂರನೇ ಮಹಡಿಯ ಪರೀಕ್ಷಾ ವಿಭಾಗ, ಸಂಬಳದ ದಿನವೂ ಲಗುಬಗೆಯಿಂದ ಇಳಿಯದ ವಿಭಾಗ, ಒಂದು ನಿಮಿಷದಲ್ಲಿ ನೆಲಕ್ಕೆ ಬಂತು. ಮಂಡಿನೋವಿನ ರುದ್ರಮ್ಮನವರು ಇಬ್ಬರು ಪ್ರಾಧ್ಯಾಪಕರನ್ನು ಹಿಂದೆ ಹಾಕಿದರು. ಪಾಠ ಮಾಡುತ್ತಿದ್ದವರು ಅರ್ಧ ವಾಕ್ಯದಲ್ಲಿ ಸೀಮೆಸುಣ್ಣ ಬಿಟ್ಟು ಬಂದರು. ಎಲ್ಲರ ಕೈಯಲ್ಲೂ ಡಬ್ಬ. ಬಂದವರು ಯಾರೂ ಹೇಳದೆ ಸೊಸೈಟಿಯ ಬಾಗಿಲಿಗೆ ಎದುರಾಗಿ ಹೆಂಗಸರದೊಂದು, ಗಂಡಸರದೊಂದು ಸಾಲು ಮಾಡಿ ನಿಂತರು. ಕಟ್ಟಡದೊಳಗೆ ಬೆಕ್ಕೂ ಉಳಿಯಲಿಲ್ಲ.

ವೆಂಕಟಸ್ವಾಮಿಯವರು ಗಡಿಯಾರ ಒತ್ತಿದರು. "ಎರಡು ನಿಮಿಷ ಐವತ್ತು ಸೆಕೆಂಡ್! ನಾನು ಒಂಬತ್ತು ಕ್ಯಾಂಪಸ್ ನೋಡಿದೀನಿ ಕೊಟ್ರಪ್ಪನವ್ರೇ, ಇಂಥದ್ದು ಎಲ್ಲೂ ಇಲ್ಲ. ಸಾಲು ನೋಡಿ, ಸಾಲು! ಅಲ್ಲಾ, ಕೈಯಲ್ಲಿ ಡಬ್ಬ ಯಾಕೆ?"

"ನೀರಿಗೆ ಸಾರ್" ಎಂದರು ಏಕಾಂತಯ್ಯನವರು, ಕಣ್ಣು ಮಿಟುಕಿಸದೆ. "ಬೆಂಕಿ ಆರಿಸೋಕೆ. ಪುಟ ಒಂಬತ್ತು."

"ಭೇಷ್!" ಎಂದು ಅಧ್ಯಕ್ಷರು ಬರೆದುಕೊಂಡರು.

ಕೊಟ್ರಪ್ಪನವರು ಪಕ್ಕಕ್ಕೆ ಬಾಗಿ ಏಕಾಂತಯ್ಯನವರ ಕಿವಿಯಲ್ಲಿ ಹಲ್ಲು ಕಡಿದರು. "ಎಣ್ಣೆ ಬಂದಿದೆ ಅಂತ ನಂಗೆ ಒಂದು ಮಾತು ಹೇಳೋಕೆ ಆಗ್ಲಿಲ್ವೇನ್ರೀ? ಡಬ್ಬ ನನ್ನ ರೂಮಲ್ಲೇ ಉಳೀತು!"

ಏಕಾಂತಯ್ಯನವರು ನಕ್ಕರು. ಅಷ್ಟರಲ್ಲಿ ಸೊಸೈಟಿಯ ಬೀಗ ತೆರೆಯದಿರುವುದನ್ನು ಕಂಡು ಸಾಲಿನಲ್ಲಿ ಗುಸುಗುಸು ಎದ್ದಿತು, ಗುಸುಗುಸು ಗದ್ದಲವಾಯಿತು. "ಬಾಗ್ಲು ತೆಗೀರೀ! ಬಾಗ್ಲು ತೆಗೀರೀ!"

"ಏನು ಕೂಗ್ತಾ ಇದಾರೆ?"

"ಬೆಂಕಿ ಬಿದ್ದಾಗ ಬಾಗಿಲು ತೆಗೆದಿರಬೇಕು ಅಂತ ಸಾರ್. ಪುಟ ಹದಿನಾರು. ಬಾಯಿಪಾಠ ಮಾಡಿಸಿದೀನಿ."

ಅಧ್ಯಕ್ಷರು ಇನ್ನೊಂದು ಭೇಷ್ ಬರೆದು, "ಸರಿ, ಇನ್ನು ಇವ್ರನ್ನೆಲ್ಲ ವಾಪಸ್ ಕಳಿಸಿ ತೋರಿಸಿ. ಅದೇ ಕಷ್ಟದ ಕೆಲಸ" ಎಂದರು.

ಏಕಾಂತಯ್ಯನವರು ಮನಸ್ಸಿನಲ್ಲೇ ವಿಧಾನಾವಳಿ ತಿರುವಿ ಹಾಕಿದರು. ನಲವತ್ತೆರಡು ಪುಟದಲ್ಲಿ ವಾಪಸ್ ಕಳಿಸುವ ಪುಟವೇ ಇರಲಿಲ್ಲ! ಎಣ್ಣೆ ಸುಳ್ಳೆಂದು ಹೇಳಿದರೆ ಅಧ್ಯಕ್ಷರ ಮುಂದೆ ಬಡ್ತಿ ಹೋಯಿತು, ನಿಜವೆಂದರೆ ಮುನ್ನೂರು ಜನಕ್ಕೆ ಎಣ್ಣೆ ಎಲ್ಲಿಂದ ಬರಬೇಕು? ಕೂಗಿ ಮುಗಿಸಿ ಬಂದು ಅಲ್ಲೇ ಹತ್ತಿರ ನಿಂತಿದ್ದ ಮುನಿಯಣ್ಣ ಇವರ ಮುಖ ನೋಡಿದ. ಇಪ್ಪತ್ತೆಂಟು ವರ್ಷದ ಸರ್ವೀಸು ಎಂದರೆ ಸುಮ್ಮನೆ ಅಲ್ಲ. ಅವನು ಪೋರ್ಟಿಕೋಗೆ ಹೋಗಿ ಕಂಬಿಯನ್ನು ಢಣ್ ಢಣ್ ಢಣ್ ಎಂದು ಬಾರಿಸಿದ.

ಹಾಜರಿ ಪುಸ್ತಕ! ಎಣ್ಣೆ ನಾಳೆಯೂ ಬಂದೀತು, ಕೆಂಪು ಗೆರೆ ಅಳಿಸಲಾದೀತೆ? ಎರಡು ಸಾಲೂ ಹಾಗೇ ತಿರುಗಿ ಕಟ್ಟಡಕ್ಕೆ ನುಗ್ಗಿದವು. ಎರಡು ನಿಮಿಷದಲ್ಲಿ ಮೈದಾನ ಬಟಾಬಯಲು.

ಬಟಾಬಯಲಲ್ಲ. ಒಬ್ಬಳು ಉಳಿದಿದ್ದಳು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವಳು, ಗಂಟೆಗೆ ಬಗ್ಗದವಳು, ಸೊಸೈಟಿಯ ಮುಚ್ಚಿದ ಬಾಗಿಲಿನ ಮುಂದೆ ಎರಡು ಕೈಯಲ್ಲಿ ಎರಡು ಡಬ್ಬ ಹಿಡಿದು ನಿಂತಿದ್ದಳು, ಜಯದೇವಿ. ಮುನಿಯಣ್ಣನ ಕೂಗು ಬಾಯಿಂದ ಬಾಯಿಗೆ ಕ್ವಾರ್ಟರ್ಸನ್ನೂ ಮುಟ್ಟಿತ್ತು. ಉಪಾಯ ತನ್ನದೇ ಎಂದು ಪಾಪ ಅವಳಿಗೇನು ಗೊತ್ತು?

"ಆಕೆ ಯಾಕೆ ಒಳಗೆ ಹೋಗ್ಲಿಲ್ಲ?" ವೆಂಕಟಸ್ವಾಮಿಯವರು ಹುಬ್ಬು ಗಂಟಿಕ್ಕಿದರು.

"ಅವ್ರು... ಗಾಯಾಳು ಸಾರ್. ಗಾಯಾಳುಗಳು ಹೊರಗೇ ಇರತಕ್ಕದ್ದು. ಪುಟ ಮೂವತ್ತೊಂದು."

ಗಾಯಾಳು ದಾಪುಗಾಲು ಹಾಕಿ ಕಟ್ಟೆಯ ಹತ್ತಿರವೇ ಬಂದಳು.

"ಯಾರ್ರೀ ಗಾಯಾಳು? ಪಾಮೋಲಿನ್ ಬಂತು ಅಂತ ನಿಮ್ಮ ಮುನಿಯಣ್ಣನೇ ಕೂಗಿದ್ನಂತೆ. ಎಲ್ರೀ ಎಣ್ಣೆ? ಬಾಗ್ಲು ಯಾಕೆ ತೆಗ್ದಿಲ್ಲ?"

ಅಧ್ಯಕ್ಷರ ಪೆನ್ನು ಕಾಗದದ ಮೇಲೆ 'ತೃಪ್ತಿ' ಎಂಬಲ್ಲಿಗೆ ಬಂದು ನಿಂತಿತು. ಅವರು ನಿಧಾನವಾಗಿ ಎದ್ದರು. ಏಕಾಂತಯ್ಯನವರು ಕಣ್ಣು ಮುಚ್ಚಿಕೊಂಡರು. ಹನ್ನೊಂದು ವರ್ಷ ಮುಗಿಯಿತು ಎಂದುಕೊಂಡರು.

"ಪಾಮೋಲಿನ್ ಬಂದಿದೆಯೇನಮ್ಮಾ?" ಅಧ್ಯಕ್ಷರ ದನಿ ಮೆತ್ತಗಾಗಿತ್ತು. "ನಮ್ಮನೆಯವ್ರು ಜಯನಗರದಲ್ಲಿ ಮೂರು ವಾರದಿಂದ ಕ್ಯೂ ನಿಲ್ತಾ ಇದಾರೆ. ಅಳಿಯ ಮೊದಲ್ನೇ ದೀಪಾವಳಿಗೆ ಬರ್ತಾನೆ. ಮನೇಲಿ ಒಂದು ತೊಟ್ಟು ಎಣ್ಣೆ ಇಲ್ಲ. ಡ್ರೈವರ್! ಜೀಪಲ್ಲಿರೋ ಕ್ಯಾನ್ ತಗೊಂಬಾಪ್ಪಾ!" ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿದರು. "ಏಕಾಂತಯ್ಯನವ್ರೇ, ಮೊದ್ಲು ಎಣ್ಣೆ ಹಾಕ್ಸಿ. ಸಹಿ ಎಲ್ಲಿಗೂ ಓಡಿಹೋಗಲ್ಲ."

ಹೇಳಿ, ಜಯದೇವಿಯ ಹಿಂದೆ ಕ್ಯಾನು ಹಿಡಿದು ನಿಂತೇಬಿಟ್ಟರು!

ಜಯದೇವಿ ಗಂಡನ ಮುಖ ನೋಡಿದಳು. ಮುಚ್ಚಳ ಹಾಕಿದ ಪೆನ್ನು ನೋಡಿದಳು, ಬುಧವಾರ ತಾನೇ ಆಡಿದ ಮಾತು ನೆನಪಾಯಿತು, ಎಲ್ಲ ಒಂದೇ ಸಲಕ್ಕೆ ಅರ್ಥವಾಯಿತು. ಮೊದಲು ಸಿಟ್ಟು ಬಂತು. ಆಮೇಲೆ ಅಯ್ಯೋ ಎನ್ನಿಸಿತು. ಏನೇ ಆದರೂ ತನ್ನ ಗಂಡ, ಹನ್ನೊಂದು ವರ್ಷದಿಂದ ಅದೊಂದು ಕುರ್ಚಿಗಾಗಿ ಬಾಯಿ ಬಿಡುತ್ತಿರುವ ಮನುಷ್ಯ.

"ಎಣ್ಣೆ ಅಂಗಡೀಲಿಲ್ಲ ಸಾರ್" ಎಂದಳು. "ನಮ್ಮನೇಲಿದೆ. ಬನ್ನಿ."

ಮಂಚದ ಕೆಳಗೆ, ಹಳೆಯ ಸೀರೆ ಸುತ್ತಿ, ಯುಗಾದಿಯಿಂದ ತಾನೂ ಮುಟ್ಟದೆ, ಗಂಡನಿಗೂ ತೋರಿಸದೆ ಅವಳು ಎತ್ತಿಟ್ಟಿದ್ದ ನಾಲ್ಕು ಲೀಟರ್ ಎಣ್ಣೆ ಇತ್ತು. ದೀಪಾವಳಿಯ ಕಜ್ಜಾಯ, ಚಕ್ಕುಲಿ, ಕೋಡುಬಳೆ ಎಲ್ಲ ಅದರಲ್ಲೇ ಇದ್ದವು. ಜಯದೇವಿ ಅದನ್ನು ಅಧ್ಯಕ್ಷರ ಕ್ಯಾನಿಗೆ ಪೂರಾ ಬಗ್ಗಿಸಿದಳು. ಕೊನೆಯ ಹನಿ ಬೀಳುವಾಗ ಅವಳ ಕಣ್ಣಲ್ಲೂ ಒಂದು ಹನಿ ನಿಂತಿತ್ತು. ಏಕಾಂತಯ್ಯನವರಿಗೆ ಅದನ್ನು ನೋಡಲಾಗಲಿಲ್ಲ, ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತರು.

ವೆಂಕಟಸ್ವಾಮಿಯವರು ಅಡುಗೆಮನೆಯ ಕಟ್ಟೆಯ ಮೇಲೇ ಕಾಗದ ಇಟ್ಟು ಅರ್ಧಕ್ಕೆ ನಿಂತಿದ್ದ 'ತೃಪ್ತಿ'ಯ ಮುಂದೆ 'ಕರ', ಹಿಂದೆ 'ಅತ್ಯಂತ' ಸೇರಿಸಿ, ಕೆಳಗೆ ನಾಲ್ಕು ಬೆರಳು ಜಾಗ ಬಿಟ್ಟು ಸಹಿ ಎಳೆದರು. ಕಾಗದವನ್ನು ಮೈದಾನದಲ್ಲಿ ಕಾಯುತ್ತಿದ್ದ ಕೊಟ್ರಪ್ಪನವರ ಕೈಗಿತ್ತು ಜೀಪು ಹತ್ತಿದರು. ತುಂಬಿದ ಕ್ಯಾನನ್ನು ಡ್ರೈವರು ಏಕಾಂತಯ್ಯನವರ ಬಾಗಿಲಿಂದ ಜೀಪಿನವರೆಗೆ ಎರಡು ಕೈಯಲ್ಲಿ ಹಿಡಿದು, ತುಳುಕದಂತೆ, ಮೆಲ್ಲಮೆಲ್ಲನೆ ಹೊತ್ತು ತಂದ.

ಅದು ಅವನು ಮಾಡಿದ ತಪ್ಪು. ಹಾಜರಿ ಪುಸ್ತಕ ಮೇಜಿನ ಮೇಲೆ ಇಲ್ಲದೆ ಮೋಸಹೋಗಿದ್ದ ಮುನ್ನೂರು ಜನ ಆ ಹೊತ್ತಿಗೆ ಮೂರು ಮಹಡಿಯ ಕಿಟಕಿಗಳಲ್ಲಿ ನಿಂತಿದ್ದರು.

ಒಳಗೆ ಏಕಾಂತಯ್ಯನವರು ಹೆಂಡತಿಯ ಮುಂದೆ ಕೈಕಟ್ಟಿ ನಿಂತಿದ್ದರು. "ನೀನು ದೇವ್ರು ಕಣೇ" ಎಂದರು, ಮನಸಾರೆ.

"ದೇವ್ರಿಗೆ ಈ ಸಲ ನೀರಲ್ಲಿ ಬೇಯಿಸಿದ ಚಕ್ಕುಲಿ ನೈವೇದ್ಯ ಮಾಡ್ತೀನಿ. ಇನ್ನು ಒಗ್ಗರಣೆ ಅಂತ ಬಾಯಿ ಬಿಟ್ರೆ ನೋಡಿ" ಎಂದು ಜಯದೇವಿ ಕಣ್ಣೊರೆಸಿಕೊಂಡು ಕಿಟಕಿಯ ಕಡೆ ತಿರುಗಿದಳು. "ರೀ, ಇಲ್ಲಿ ಬನ್ನಿ. ಇದು ನಿಮ್ಮ ಪುಸ್ತಕದಲ್ಲಿ ಎಷ್ಟನೇ ಪುಟ?"

ಇಡೀ ವಿಶ್ವವಿದ್ಯಾಲಯ ಡಬ್ಬ ಹಿಡಿದು ಮೈದಾನ ದಾಟಿ ಬರುತ್ತಿತ್ತು. ಸಾಲು ಈಗ ಒಂದೇ, ಗಂಡಸರು ಹೆಂಗಸರು ಎಂಬ ಭೇದವಿರಲಿಲ್ಲ. ಎಲ್ಲರಿಗಿಂತ ಮುಂದೆ, ತನ್ನ ಹಿತ್ತಾಳೆ ತಂಬಿಗೆ ಹಿಡಿದು, ಮುನಿಯಣ್ಣ!

ಏಕಾಂತಯ್ಯನವರು ಕಿಟಕಿಯ ಸಂದಿಯಿಂದ ಪಿಸುಗುಟ್ಟಿದರು. "ಏಯ್ ಮುನಿಯಣ್ಣ, ನಿಂಗೆ ಬುದ್ಧಿ ಇಲ್ವೇನಯ್ಯ? ಸುಳ್ಳು ಅಂತ ನಿಂಗೆ ಗೊತ್ತು. ಕೂಗಿದ್ದೇ ನೀನು!"

"ಕೂಗಿದ್ದು ನಾನೇ ಸೋಮಿ, ಇಲ್ಲ ಅನ್ನಲ್ಲ" ಎಂದ ಮುನಿಯಣ್ಣ, ಬಹಳ ವಿನಯದಿಂದ. "ಸುಳ್ಳು ಅಂತ್ಲೇ ಕೂಗ್ದೆ. ಆದ್ರೆ ಕ್ಯಾನು ಹೋಗಿದ್ದು ಕಣ್ಣಾರೆ ಕಂಡ್ನಲ್ಲ. ನಮ್ಗೂ ಒಂದು ತಂಬಿಗೆ ಹಾಕ್ಸಿ, ಮಕ್ಕಳು ಮರಿ ಇರೋ ಮನೆ."

ಹಿಂದಿನಿಂದ "ಮನೇಲಿ ಬಚ್ಚಿಟ್ಟಿದಾರೆ!", "ಮೇಲಿನೋರಿಗೊಂದು ನಮಗೊಂದಾ?" ಎಂಬ ಕೂಗುಗಳು ಎದ್ದವು. ಜನ ದಾರಿ ಬಿಟ್ಟರು. ಸಾಲನ್ನು ಸೀಳಿಕೊಂಡು ಸ್ವತಃ ಕೊಟ್ರಪ್ಪನವರು ಬಾಗಿಲಿಗೆ ಬಂದರು. ಬಲಗೈಯಲ್ಲಿ ಅಧ್ಯಕ್ಷರು ಸಹಿ ಹಾಕಿದ ಕಾಗದ. ಎಡಗೈಯಲ್ಲಿ, ರೂಮಿಗೆ ಹೋಗಿ ತಂದಿದ್ದ ಡಬ್ಬ.

"ಏಕಾಂತಯ್ಯ!" ಬಾಗಿಲು ತಟ್ಟಿದರು. "ಶಿಫಾರಸು ಬರೆಯೋಕೆ ಪೆನ್ನು ತೆಗ್ದಿದೀನಿ ಕಣ್ರೀ. ಕಾಗದ ನನ್ನ ಹತ್ರ ಇದೆ. ಎಣ್ಣೆ ನಿಮ್ಮ ಹತ್ರ ಇದೆ. ಬಾಗ್ಲು ತೆಗೀರಿ, ಇಬ್ರದ್ದೂ ಕೆಲಸ ಆಗೋಗ್ಲಿ."

ಏಕಾಂತಯ್ಯನವರು ಕಿಟಕಿಯಿಂದ ಹಿಂದೆ ಸರಿದರು. ಖಾಲಿ ಪಾತ್ರೆ ತೋರಿಸಿದರೆ ಯಾರು ನಂಬುತ್ತಾರೆ? ಅಧ್ಯಕ್ಷರಿಗೆ ಕ್ಯಾನು ತುಂಬ ಸುರಿದ ಮನೆಯಲ್ಲಿ ಕುಲಸಚಿವರಿಗೆ ಒಂದು ಡಬ್ಬ ಇಲ್ಲವೆನ್ನುವುದು ಹೇಗೆ? ಬಾಗಿಲು ಇನ್ನೊಂದು ಸಲ ಅದುರಿತು. ಹಿಂಬಾಗಿಲು ಕಣ್ಣಿಗೆ ಬಿತ್ತು. ಸಿಬ್ಬಂದಿ ಗಾಬರಿಯಾಗದೆ, ಸಾಲಾಗಿ, ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಹೊರಗೆ ಹೋಗತಕ್ಕದ್ದು ಎಂದು ಬರೆದವರು ಅವರೇ. ಸಾಲು ಮಾಡಲು ಇನ್ನೊಬ್ಬರಿರಲಿಲ್ಲ, ಗಾಬರಿ ಮಾತ್ರ ಬೇಕಾದಷ್ಟಿತ್ತು. ಬಚ್ಚಲ ಕಟ್ಟೆ ಹತ್ತಿ, ನೀರಿನ ಹಂಡೆಯ ಮೇಲೆ ಕಾಲಿಟ್ಟು, ಐವತ್ತೈದನೇ ವಯಸ್ಸಿನಲ್ಲಿ ಮೊದಲ ಬಾರಿಗೆ ಕಾಂಪೌಂಡು ಗೋಡೆಯ ಮೇಲೆ ಸವಾರಿ ಕೂತರು. ಆ ಆವರಣದಲ್ಲಿ ಅಂದು ವಿಧಾನಾವಳಿಯ ಪ್ರಕಾರ ನಿಜವಾಗಿ ತೆರವುಗೊಂಡವರು ಅವರೊಬ್ಬರೇ.

ಒಂದು ಕಾಲು ವಿಶ್ವವಿದ್ಯಾಲಯದ ಕಡೆ, ಒಂದು ಕಾಲು ಹೊಸಕೆರೆಹಳ್ಳಿಯ ಕಡೆ. ಸಂಜೆಯವರೆಗೆ ಇಲ್ಲೇ ಕೂತು, ಜನ ಕರಗಿದ ಮೇಲೆ ಇಳಿದು ಬಂದು ಎಲ್ಲ ಸರಿಮಾಡಬಹುದು ಎಂದು ಅವರು ಲೆಕ್ಕ ಹಾಕುತ್ತಿರುವಾಗ ಮುಂಬಾಗಿಲು ತೆರೆದ ಸದ್ದಾಯಿತು. ಜಯದೇವಿಯ ದನಿ ಸ್ಪಷ್ಟವಾಗಿ, ಮುನ್ನೂರು ಜನಕ್ಕೂ ಕೇಳುವಂತೆ ಬಂತು.

"ಅವ್ರು ಮನೇಲಿಲ್ಲ ಸಾರ್. ನಿಮಗೆಲ್ಲಾ ಎಣ್ಣೆ ತರೋಕೇ ಹೋಗಿದಾರೆ."

"ಹೌದಾ?" ಕೊಟ್ರಪ್ಪನವರ ದನಿಯಲ್ಲಿ ಸಂತೋಷ. "ಹಾಗಾದ್ರೆ ಅವ್ರು ಬರೋವರೆಗೂ ಈ ಕಾಗದ ನನ್ನ ಹತ್ರಾನೇ ಇರ್ಲಿ."

ಮೈದಾನದ ತುಂಬ ಚಪ್ಪಾಳೆ ಬಿತ್ತು. ಗೋಡೆಯ ಮೇಲೆ ಏಕಾಂತಯ್ಯನವರು ಈ ಕಡೆಯ ಕಾಲನ್ನೂ ಎತ್ತಿ ಆ ಕಡೆಗೆ ಹಾಕಿ, ಕಣ್ಣು ಮುಚ್ಚಿ ಧುಮುಕಿದರು. ಎದ್ದು ಪಂಚೆಯ ಮಣ್ಣು ಕೊಡವಿಕೊಳ್ಳುತ್ತಿರುವಾಗ ಗೋಡೆಯ ಮೇಲಿಂದ ಒಂದು ಖಾಲಿ ಡಬ್ಬ ಬಂದು ಬಿತ್ತು. ಹಿಂದೆಯೇ ಇನ್ನೊಂದು. ಎರಡೂ ತಮ್ಮ ಮನೆಯವು. ಅವನ್ನು ಎತ್ತಿಕೊಂಡು ಎರಡು ಹೆಜ್ಜೆ ಹಾಕಿದ್ದರಷ್ಟೇ, ಮೂರನೆಯದೂ ಬಿತ್ತು. ಅದರ ಮೇಲೆ ಕೆಂಪು ಬಣ್ಣದಲ್ಲಿ, ದುಂಡಗಿನ ಅಕ್ಷರದಲ್ಲಿ 'ಕುಲಸಚಿವರು' ಎಂದು ಬರೆದಿತ್ತು.